ಎರಡನೇ ತುಂಡು ಪೈ

ವಿಶ್ವವಿದ್ಯಾಲಯದವರು ತಮ್ಮ ಆಟದ ತಂಡಗಳನ್ನೆಲ್ಲ ಕಾಲೇಜು ಪಂದ್ಯಗಳ ಮೊದಲ ದರ್ಜೆಯಿಂದ ಮೂರನೆಯದಕ್ಕೆ ಇಳಿಸುವ ಯೋಚನೆಯಲ್ಲಿದ್ದರು. ಮೂರನೆಯ ದರ್ಜೆಯಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನವಿಲ್ಲ. ತೀರ್ಮಾನವಾಗುವವರೆಗೆ ಬಾಯಿ ಬಿಡಬಾರದೆಂದು ವಾಲಿಬಾಲ್ ಕೋಚ್ ರಾಸ್ಮಸನ್‌ಗೆ ತಾಕೀತಾಗಿತ್ತು. ತಂಡ ಮೊದಲ ದರ್ಜೆಯಲ್ಲೇ ಉಳಿದರೂ ಉಳಿದೀತೆಂಬ ಆಸೆಯಿಂದ ಅವನು ಅಮೆರಿಕದ ನೆಬ್ರಾಸ್ಕಾದ ಈ ಹೊಲಮನೆಗೆ ಬಂದು, ಟೆಸ್ಸಾ ಎಂಬ ಆಟಗಾರ್ತಿಯನ್ನು ವಿದ್ಯಾರ್ಥಿವೇತನದ ಮಾತು ಕೊಟ್ಟು ತನ್ನ ವಿಶ್ವವಿದ್ಯಾಲಯಕ್ಕೆ ಕರೆಯುತ್ತಿದ್ದ.

ಅವಳ ತಾಯಿ ವರ್ನಾ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಪೈ ಬಡಿಸುತ್ತಾ ಕೇಳಿಯೇಬಿಟ್ಟಳು. "ಕೋಚ್, ನಿಮ್ಮಲ್ಲಿ ತಂಡಾನೇ ಕೆಳಗಿನ ದರ್ಜೆಗೆ ಇಳಿಸ್ತಾರಂತೆ, ಹೌದಾ? ಚರ್ಚಲ್ಲಿ ಯಾರೋ ಅಂತಿದ್ರು."

"ಜನ ಏನೇನೋ ಅಂತಾರೆ ಬಿಡಿ," ಎಂದ ರಾಸ್ಮಸನ್. ಹೇಳುತ್ತಿದ್ದಂತೆಯೇ ಅವನ ಕಿವಿ ಬಿಸಿಯಾಯಿತು.

ವರ್ನಾ ಗಂಡನ ಕಡೆ ತಿರುಗಿದಳು. "ನೋಡಿದ್ಯಾ, ನಾನ್ ಹೇಳ್ಲಿಲ್ವಾ? ನಮ್ಮನೇಲಿ ಕೂತು ತಿಂದೋರು ಸುಳ್ಳು ಹೇಳಲ್ಲ."

"ನಿನ್ನ ಪೈ ಚೆನ್ನಾಗಿದೆ ಅಂದ್ರಲ್ಲ, ಅದೇನ್ ಮತ್ತೆ?" ಎಂದ ಗಂಡ. ಎಲ್ಲರೂ ನಕ್ಕರು. ರಾಸ್ಮಸನ್ ಕೂಡ ನಗಬೇಕಾಯಿತು.

ಟೆಸ್ಸಾ ಅಲ್ಲೇ ನಿಂತು, ಪೂರ್ತಿ ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿದ್ದ ಇನ್ನೊಂದು ಕಾಲೇಜಿಗೆ ಫೋನ್ ಮಾಡಿದಳು. "ತುಂಬಾ ಥ್ಯಾಂಕ್ಸ್ ಮೇಡಂ. ಆದ್ರೆ ನಾನು ಬರ್ತಿಲ್ಲ."

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದು ಅವನಿಗೆ ಗೊತ್ತಿತ್ತು. ತಡೆಯಲು ಒಂದು ಮಾತು ಸಾಕಿತ್ತು. ಅದು ಗಂಟಲವರೆಗೆ ಬಂದೂ ಇತ್ತು. ಅಷ್ಟರಲ್ಲಿ ವರ್ನಾ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಅವನು ತಲೆ ತಗ್ಗಿಸಿ, ಒಂದು ಚೂರೂ ಬಿಡದೆ ತಿಂದ.