ಅಕ್ಕನ ಮುಖ

ಕಾಲೇಜಿಗೆ ಅರ್ಜಿ ಹಾಕುವ ವಾರವೇ ತಂಗಿಯ ಮುಖದ ತುಂಬ ಗುಳ್ಳೆ ಎದ್ದಿದ್ದವು. ಫೋಟೊ ಇಲ್ಲದೆ ಆಗುವುದಿಲ್ಲ ಎಂದರು. "ಇಬ್ಬರೂ ಒಂದೇ ಅಚ್ಚು, ಯಾರು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ?" ಎಂದು ಅಕ್ಕ ತಾನೇ ಹೋಗಿ ಕ್ಯಾಮೆರಾ ಮುಂದೆ ಕೂತುಬಿಟ್ಟಳು. ಕೊನೆಯ ವರ್ಷದವರೆಗೂ ಯಾರೂ ನೋಡಲಿಲ್ಲ.

ಈ ವರ್ಷ ಕ್ಯಾಂಪಸ್ ಪೊಲೀಸರು ಕಂಬಕಂಬಕ್ಕೂ ಮುಖ ಗುರುತಿಸುವ ಕ್ಯಾಮೆರಾ ಕೂರಿಸಿ, ಎಲ್ಲರ ಅರ್ಜಿಯ ಆ ಹಳೇ ಫೋಟೊಗಳನ್ನೆಲ್ಲ ಅದರ ಹೊಟ್ಟೆಗೆ ತುಂಬಿದರು. ಅಕ್ಕನಿಗೆ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹಾಸ್ಟೆಲ್ ಶುಲ್ಕದ ವಿರುದ್ಧ ಮುಷ್ಕರ ಎದ್ದ ದಿನ ಕರಪತ್ರದ ಕಟ್ಟು ಕೊಡಲು ಒಳಗೆ ಹೋದವಳು, ಕೊಟ್ಟು ಸುಮ್ಮನೆ ಬರಬಾರದಿತ್ತೇ? ಬಾಯಿ ತಡೆಯಲಿಲ್ಲ. ಎಲ್ಲರ ಜೊತೆ ಕುತ್ತಿಗೆಯ ನರ ಉಬ್ಬುವಂತೆ ಕೂಗಿದಳು. ಕ್ಯಾಮೆರಾ ಅವಳ ಮುಖ ನೋಡಿ ತಂಗಿಯ ಹೆಸರು ಹೇಳಿತು. ತಂಗಿಯನ್ನು ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಪರೀಕ್ಷೆ ಇವತ್ತೇ.

ಗೇಟಿನ ಪಕ್ಕದ ಪೊಲೀಸ್ ಕೋಣೆಯಲ್ಲಿ ತಂಗಿ ಅಳುತ್ತಲೇ ಹೇಳಿದಳು. "ಅದು ನಾನಲ್ಲ ಸಾರ್, ಅವತ್ತು ಜ್ವರ ಬಂದು ಮನೇಲಿ ಮಲಗಿದ್ದೆ."

ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ, ಎಂದುಕೊಂಡಳು ಜೊತೆಗೆ ಬಂದಿದ್ದ ಅಕ್ಕ. ಫೋಟೊದ ವಿಷಯ ಬಾಯಿಬಿಟ್ಟರೆ ಮೋಸ ಮಾಡಿ ಸೇರಿದಳೆಂದು ತಂಗಿಯನ್ನು ಕಾಲೇಜಿನಿಂದಲೇ ಓಡಿಸುತ್ತಾರೆ. ಅದೊಂದನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದಳು.

"ಕೂಗಿದ್ದು ನಾನು ಸಾರ್. ನನ್ನನ್ನ ಏನು ಬೇಕಾದ್ರೂ ಮಾಡಿ, ಇವಳನ್ನ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೇ ಚೆನ್ನಾಗಿತ್ತು!

"ಅಳಬೇಡಮ್ಮ. ಅಕ್ಕತಂಗಿ ಅಂದ್ಮೇಲೆ ಮೆಷಿನ್ನೂ ಎಡವಿರಬಹುದು. ಗೇಟಿಗೂ ನಿನ್ನೆ ಒಂದು ಕ್ಯಾಮೆರಾ ಹಾಕಿದ್ದೀವಿ. ಅದರ ಮುಂದೆ ನಿಲ್ಲಲಿ, ನಾನೇ ಒಳಗೆ ಕಳಿಸ್ತೀನಿ."

"ಅಕ್ಕಾ..." ತಂಗಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಬೇಡ ಎನ್ನಲು ಯಾವ ನೆಪ ಹೇಳುವುದು?

ತಂಗಿ ನಿಂತಳು. ಕೆಂಪು ದೀಪ ಹತ್ತಿತು. ಹೊರಗಿನವರಿಗೆ ಪ್ರವೇಶವಿಲ್ಲ ಎಂದಿತು ಯಂತ್ರ.

"ಇದು ಇವಳ ಮುಖಾನೇ ಸಾರ್! ಮೆಷಿನ್ ಕೆಟ್ಟಿದೆ, ಆಣೆ ಮಾಡಿ ಹೇಳ್ತೀನಿ!"

ಅಧಿಕಾರಿಯ ಹುಬ್ಬು ಗಂಟಾಯಿತು. "ಹಾಗಾದ್ರೆ ನೀನು ನಿಂತ್ಕೊಮ್ಮ, ನೋಡೋಣ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಳು.

"ಕೈ ತೆಗಿ."

ತೆಗೆದಳು. ಹಸಿರು ದೀಪ ಹತ್ತಿತು. ಯಂತ್ರ ತಂಗಿಯ ಹೆಸರು ಹಿಡಿದು ಕರೆದು, ಸ್ವಾಗತ ಎಂದಿತು. ತಂಗಿಯನ್ನು ಓದಿಸಲೆಂದು ತನ್ನ ಓದು ಬಿಟ್ಟವಳು ಅಲ್ಲೇ ಕುಸಿದು ಕೂತಳು. ಒಳಗೆ ಪರೀಕ್ಷೆಯ ಗಂಟೆ ಹೊಡೆಯಿತು. ಗೇಟು ಅವಳಿಗಾಗಿ ತೆರೆದೇ ಇತ್ತು.