ಹೊಟ್ಟಿನ ರಾಶಿ

"ಗುಂಡಿ ಇವತ್ತೇ ಮುಚ್ಬೇಕು ಕಣಮ್ಮ. ಊರಿಗೆ ಕುಡಿಯಾಕೆ ಬೇರೆ ಬಾವಿ ಎಲ್ಲೈತೆ?" ಎಂದ ಶ್ರೀರಂಗಯ್ಯ.

ಆಗಷ್ಟೇ ಸೇದಿಟ್ಟ ನೀರು ಬಿಂದಿಗೆಯಲ್ಲಿ ಟೀ ಡಿಕಾಕ್ಷನ್ನಿನ ಹಾಗೆ ಕಂದಾಗಿತ್ತು. ಮಳೆ ಹಿಡಿದ ಮೇಲೆ ಹೀಗಾಗಿದ್ದು. ಹಂದನಕೆರೆ ಕಡೆಯ ಆ ಊರಿನಲ್ಲಿ ಬಾವಿಯ ಹತ್ತಿರ ತೆಂಗಿನ ಮಟ್ಟೆ ನೆನೆಹಾಕುವ ಗುಂಡಿ ಇದ್ದದ್ದು ಭೈರಮ್ಮನದೊಂದೇ. ನೆನೆದ ಮಟ್ಟೆ ಬಡಿದು, ನಾರು ಬಿಡಿಸಿ, ಹಗ್ಗ ಹೊಸೆದೇ ಅವಳು ಸಂಸಾರ ತೂಗಿಸುತ್ತಿದ್ದಳು. ಇನ್ನೇನು, ಎಲ್ಲರ ಬಾಯಿಗೂ ಅವಳೇ ಸಿಕ್ಕಳು. ಅವಳು ಹೊಸೆದ ಹಗ್ಗದಲ್ಲೇ ನೀರು ಸೇದುವ ಜನ!

"ನಮ್ಮತ್ತೆ ಕಾಲ್ದಿಂದ ಐತೆ ಈ ಗುಂಡಿ. ಆವಾಗ ಕೆಡದ ನೀರು ಈಗ್ಯಾಕೆ ಕೆಡ್ತು? ಇದನ್ನ ಮುಚ್ಚಿ ನಾನೇನು ಮಣ್ಣು ತಿನ್ಲಾ?" ಭೈರಮ್ಮ ಕೂಗಾಡಿ ಕೂಗಾಡಿ ಗಂಟಲು ಕಟ್ಟಿಕೊಂಡಿದ್ದಳು.

ಅಷ್ಟರಲ್ಲಿ ಪವಿತ್ರಾ ಬಂದಳು. ತುರುವೇಕೆರೆಯ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ, ನಾರಿನ ಮಿಲ್ಲಿನವರು ರಸ್ತೆ ಬದಿಗೆ ಸುರಿದು ಬೆಂಕಿ ಇಡುವ ಹೊಟ್ಟನ್ನು ಗೊಬ್ಬರ ಮಾಡುವುದು ಅವಳ ಸಂಶೋಧನೆ. ಬಾವಿಯ ಮೇಲುಗಡೆ ಶ್ರೀರಂಗಯ್ಯನ ತೋಟದಲ್ಲಿ ಅವಳ ಎರಡು ವರ್ಷದ ದುಡಿಮೆ ಈ ಬೇಸಿಗೆಯಿಂದ ರಾಶಿಯಾಗಿ ಬಿದ್ದಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ ಶ್ರೀರಂಗಯ್ಯ ಮೀಸೆ ತಿರುವುತ್ತಿದ್ದ. ಬಾವಿಯ ನೀರನ್ನು ಪರೀಕ್ಷೆಗೆ ಒಯ್ದಿದ್ದವಳೂ ಅವಳೇ.

"ಬಾಮ್ಮ, ನೀನಾದ್ರೂ ಹೇಳು ಇವ್ಳಿಗೆ," ಎಂದ ಶ್ರೀರಂಗಯ್ಯ.

ಪವಿತ್ರಾಳ ಮುಖ ಬಿಳಿಚಿಕೊಂಡಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಗುಂಡಿ ಮುಚ್ಚುತ್ತಿತ್ತು, ಅವಳ ರಾಶಿ ಉಳಿಯುತ್ತಿತ್ತು. ಕೇಳುವವರಾದರೂ ಯಾರಿದ್ದರು?

"ನೀರಲ್ಲಿ ಯೂರಿಯಾದ ಅಂಶ ಬಂದಿದೆ," ಎಂದಳು. "ಮಟ್ಟೆ ನೆನೆಸೋಕೆ ಯಾರೂ ಯೂರಿಯಾ ಹಾಕಲ್ಲ. ಹೊಟ್ಟು ಬೇಗ ಕೊಳೀಲಿ ಅಂತ ಹಾಕಿದ್ದು ನಾನು. ರಾಶಿ ತಳಕ್ಕೆ ಏನೂ ಹಾಸಿರ್ಲಿಲ್ಲ. ಮಳೆಗೆ ತೊಳ್ಕೊಂಡು ಬಾವಿಗೆ ಇಳಿದಿದೆ. ತಪ್ಪು ನನ್ದು. ಭೈರಮ್ಮಂದಲ್ಲ."

ಶ್ರೀರಂಗಯ್ಯ ತಡಬಡಾಯಿಸಿದ. "ಯೂರಿಯಾ ತೋಟಕ್ಕೂ ಹಾಕ್ತೀವಿ ಬುಡಮ್ಮ. ನಿನ್ ರಾಶೀದೇ ಅಂತ ಹೆಂಗೇಳ್ತೀಯ?"

"ರಾಶಿ ಬುಡದ ನೀರನ್ನೂ ನೋಡ್ದೆ ಕಣ್ರೀ. ಅದೂ ಇದೂ ಒಂದೇ."

ಅಬ್ಬಾ, ಎಂಥಾ ಎದೆಗಾರಿಕೆ! ಊರ ಮುಂದೆ ನಿಂತು ತನ್ನ ತಪ್ಪನ್ನು ಹೀಗೆ ಹೇಳಿಕೊಳ್ಳುವುದು ದೊಡ್ಡವರೆನಿಸಿಕೊಂಡವರಿಂದಲೂ ಆಗುವ ಕೆಲಸವಲ್ಲ.

"ಹಂಗಾದ್ರೆ ನಿನ್ ಓದು?" ಕೇಳಿದವಳು ಭೈರಮ್ಮ.

"ಮೊದಲಿಂದ ಶುರು ಮಾಡ್ಬೇಕು," ಎಂದಳು ಪವಿತ್ರಾ. "ಸರಿಹೋಗೋವರ್ಗೂ ಈ ನೀರು ಯಾರೂ ಕುಡೀಬೇಡಿ. ರಾಶೀನ ಇವತ್ತೇ ಎತ್ತಿಸ್ತೀನಿ."

ಆಳು ಬರಲೆಂದು ಅವಳು ಕಾಯಲಿಲ್ಲ. ತೋಟಕ್ಕೆ ಹತ್ತಿ, ನೀರು ಕುಡಿದು ಭಾರವಾಗಿದ್ದ ಹೊಟ್ಟನ್ನು ತಾನೇ ಕುಕ್ಕೆಗೆ ತುಂಬಿದಳು. ಹೊತ್ತು ಅಭ್ಯಾಸವಿಲ್ಲದ ಹುಡುಗಿ, ಎತ್ತಲು ಹೋಗಿ ಮುಗ್ಗರಿಸಿದಳು.

"ತಡಿಯೇ, ಬರೀ ತಲೇಲಿ ಹೊತ್ರೆ ಕತ್ತು ಉಳುಕ್ತೈತೆ," ಎಂದು ಯಾರೋ ಹಿಂದಿನಿಂದ ಗದರಿದರು.

ಭೈರಮ್ಮ. ಹೆಗಲ ಮೇಲಿನ ಟವೆಲನ್ನು ಸುತ್ತಿ ಸಿಂಬಿ ಮಾಡಿ ಪವಿತ್ರಾಳ ತಲೆಯ ಮೇಲಿಟ್ಟಳು. ಆಮೇಲೆ ಬಗ್ಗಿ, ಕುಕ್ಕೆಗೆ ಕೈಕೊಟ್ಟು, ಮೆಲ್ಲಗೆ ಎತ್ತಿ ಹೊರಿಸಿದಳು.