ನೆಲ ಬಿಟ್ಟ ಹಿಮ್ಮಡಿ

ಅಮ್ಮನ ಎಡಗೈ ಕುರ್ಚಿಯ ಬೆನ್ನು ಹಿಡಿದಿದೆ, ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ, ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುವ ಹಾಗೆ, ಆದರೆ ಇಲ್ಲಿ ಬಸ್ಸೂ ಇಲ್ಲ ತಿರುವೂ ಇಲ್ಲ, ಹಿರಿಯರು ಹಗಲು ಹೊತ್ತು ಸೇರುವ ಹಾಲ್, ಒರೆಸಿದ ನೆಲ, ಫಿನಾಯಿಲ್ ವಾಸನೆ, ಗೋಡೆಯಗಲದ ಪರದೆ, ಅದರಲ್ಲಿ ಬಟ್ಟೆ ಒಣಹಾಕುವ ತಂತಿ, ಕೆಳಗೆ ಬಕೆಟ್, ಬಕೆಟ್ಟಿನ ಮೇಲೆ ಈಗ ತಾನೇ ಎದ್ದು ಬಂದ ಬಿಳಿ ಬೆಡ್‌ಶೀಟ್ — ಎರಡು ಕೈ ಬೇಕು ಅದಕ್ಕೆ, ಅಯ್ಯೋ ಎರಡು ಕೈ ಬೇಕಲ್ಲ, ಕೈ ಚಾಚಿ ಪರದೆಯ ಬಟ್ಟೆಯನ್ನು ತಂತಿಗೇರಿಸುವ ಈ ಆಟ ಕಟ್ಟಿದವಳು ಮಗಳಾದ ತಾನೇ, ಬೆಡ್‌ಶೀಟ್ ಸೇರಿಸಿದವಳೂ ತಾನೇ, ಈ ಗಳಿಗೆ ಬರುತ್ತದೆಂದು ಹೊಳೆದಿರಲಿಲ್ಲ. ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಅಮ್ಮ ಎಂದರೆ ಇಪ್ಪತ್ತೈದು ಹಸಿರು ಚುಕ್ಕಿ, ಕ್ಯಾಮೆರಾ ಕಂಡಂತೆ, ಹೆಗಲು ಸೊಂಟ ಮಂಡಿ, ತೀರಾ ಕೆಳಗೆ ಹಿಮ್ಮಡಿಯ ಎರಡು ಚುಕ್ಕಿ, ಅಂಟು ಹಾಕಿ ನೆಲಕ್ಕೆ ಮೆತ್ತಿದಂತೆ. ಕೈ ಬಿಡಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದಳು, ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ, ನೀವು ನಡುವೆ ಬಾಯಿ ಹಾಕ್ಬೇಡಿ, ಬಿಟ್ರೆ ಅವರಾಗೇ ಬಿಡ್ಬೇಕು, ನಾನು ಪಕ್ಕದಲ್ಲೇ ನಿಂತಿರ್ತೀನಿ. ನಿಂತಿದ್ದಾರೆ, ಎರಡೂ ಅಂಗೈ ಸಿದ್ಧ ಮಾಡಿಕೊಂಡು, ಮುಟ್ಟದೆ.

ಅಮ್ಮ ಬಿದ್ದು ಒಂದೂವರೆ ವರ್ಷ. ಬಚ್ಚಲಲ್ಲಿ ಜಾರಿದ್ದು ಒಂದು ಕ್ಷಣ, ಸೊಂಟದ ಮೂಳೆ ಕೂಡಿದ್ದು ಮೂರು ತಿಂಗಳಿಗೆ, ಹೆದರಿಕೆ ಮಾತ್ರ ಬಿಟ್ಟು ಹೋಗಲೇ ಇಲ್ಲ, ಮಂಚದಿಂದ ಅಡುಗೆಮನೆಗೆ ಗೋಡೆ ಹಿಡಿದೇ ನಡಿಗೆ, ಹಿಡಿದು ಹಿಡಿದು ಗೋಡೆಯ ಬಣ್ಣದ ಮೇಲೆ ಒಂದು ಮಾಸಲು ಗೆರೆ, ಅದನ್ನು ಒರೆಸಲು ಇವತ್ತಿಗೂ ಅವಳಿಗೆ ಮನಸ್ಸಾಗಿಲ್ಲ. ಮೂಳೆ ಗಟ್ಟಿಯಾಗಿದೆ, ಕಾಲು ಸೋಮಾರಿ ಆಗ್ತಿದೆ, ಹೀಗೇ ಆದ್ರೆ ಬರೋ ವರ್ಷಕ್ಕೆ ಗಾಲಿಕುರ್ಚಿನೇ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಾಗ ಅಮ್ಮ ಕಿಟಕಿಯ ಕಡೆ ತಿರುಗಿದ್ದಳು. ಗೊತ್ತಿದ್ದೂ ಹಿಡಿದ ಕೈ ಬಿಡುವುದಿಲ್ಲ. ಊರಿನ ಮುದುಕರನ್ನೆಲ್ಲ ಕುಣಿಸುವ ಆಟ ಮಾಡ್ತಾಳಂತೆ ನನ್ನ ಮಗಳು, ಮನೇಲಿರೋ ಮುದುಕಿ ಎದ್ದು ನಿಲ್ತಿಲ್ಲ ಎಂದು ಅಮ್ಮನೇ ಎಲ್ಲರೆದುರು ತಮಾಷೆ ಮಾಡುತ್ತಾಳೆ, ಎಲ್ಲರೂ ನಗುತ್ತಾರೆ, ಮಗಳೂ ನಗುತ್ತಾಳೆ, ಒಳಗೆ ಚುರ್ ಎನ್ನುತ್ತದೆ.

ಮೊದಲು ಮಾಡಿದ್ದು ಹೊಳೆ ದಾಟುವ ಆಟ — ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು, ತಪ್ಪಿದರೆ ಬೊಂಬೆ ದುಡುಂ ಎಂದು ನೀರಿಗೆ, ಆ ದುಡುಂ ಸದ್ದಿಗೇ ಆಫೀಸಿನವರು ಹನ್ನೊಂದು ದಿನ ಕೂತಿದ್ದರು, ಅಲ್ಲಿ ಮೂವತ್ತು ದಾಟಿದವಳು ಅವಳೊಬ್ಬಳೇ, ಬೊಂಬೆ ಬಿದ್ದಾಗಲೆಲ್ಲ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಇದೇ ಹಾಲ್‌ನಲ್ಲಿ ಹಿರಿಯರೆಲ್ಲರೂ ಒಂದೊಂದು ಸಲ ಆಡಿದರು, ಚೆನ್ನಾಗಿದೆ ಎಂದರು, ಚಹಾದ ಕಡೆಗೆ ನಡೆದರು, ಎರಡನೇ ಸಲಕ್ಕೆ ಒಬ್ಬರೂ ಇಲ್ಲ, ಚೆನ್ನಾಗಿದೆ ತಾಯಿ, ಇವತ್ತು ಯಾಕೋ ಕಾಲು ನೋಯ್ತಿದೆ ಎಂದು ರಿಟೈರಾದ ಬಸ್ ಡ್ರೈವರ್ ಅಜ್ಜ ನುಣುಚಿಕೊಂಡರು. ಕಾರಣ ತಿಳಿಯಲು ಅವಳು ಯಾರ್ಯಾರನ್ನೋ ಕೇಳಿದಳು, ತಜ್ಞರಿಗೆ ಪತ್ರ ಬರೆದಳು. ಕೊನೆಗೆ ಹೇಳಿದ್ದು ಬೀನ್ಸ್ ಸೋಸುತ್ತಾ ಕೂತಿದ್ದ ಅಮ್ಮ, ಅಲ್ಲ ಕಣೇ, ಇವತ್ತು ಬೀಳದೆ ಇದ್ರೆ ಸಾಕಪ್ಪಾ ಅಂತ ಎದ್ದೇಳೋರು ನಾವು, ನಮ್ಮ ಕೈಲಿ ಬೀಳೋ ಆಟ ಆಡಿಸ್ತೀರಲ್ಲ, ಯಾವ ಶಾಲೇಲಿ ಕಲಿತ್ರಿ ಇದನ್ನ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತೇ, ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ ಸುಮ್ಮನೆ ನೆನಪಾದದ್ದು ಮಹಡಿ, ಆಗ ಅವಳಿಗೆ ಐದೋ ಆರೋ ವರ್ಷ, ಒದ್ದೆ ಬೆಡ್‌ಶೀಟುಗಳ ನಡುವೆ ಕೂತರೆ ಅದೇ ಮನೆ, ಸೋಪಿನ ವಾಸನೆ, ಬೆನ್ನ ಮೇಲೆ ಹನಿ, ಬೆಡ್‌ಶೀಟಿನ ಅಂಚಿನ ಕೆಳಗೆ ಕಾಣುವುದು ಅಮ್ಮನ ಪಾದಗಳಷ್ಟೇ, ತಂತಿ ಎತ್ತರ ಅಮ್ಮ ಕುಳ್ಳಿ, ಎಟುಕಿಸಿಕೊಳ್ಳಲು ಪ್ರತಿ ಸಲವೂ ಆ ಬಿರುಕು ಬಿಟ್ಟ ಹಿಮ್ಮಡಿಗಳು ನೆಲ ಬಿಟ್ಟು ಮೇಲೇಳುತ್ತವೆ, ಎರಡು ಬೆರಳಷ್ಟು, ಕೆಳಗಿನ ಸಂದಿನಲ್ಲಿ ಬಿಸಿಲು ನುಗ್ಗುತ್ತದೆ, ಅವಳು ಬೆರಳು ತೂರಿಸುತ್ತಾಳೆ, ಬೆರಳು ತೆಗಿ ಕತ್ತೆ, ತುಳಿದುಬಿಡ್ತೀನಿ ಎಂದು ಮೇಲಿನಿಂದ ನಗು. ಅದೇ ಆಟವಾಯಿತು. ತಂತಿ, ಗಾಳಿ, ಬಕೆಟ್, ಎಟುಕದಿದ್ದರೆ ಬಟ್ಟೆ ಬಕೆಟ್ಟಿಗೇ ವಾಪಸ್, ಬೀಳುವವರು ಯಾರೂ ಇಲ್ಲ. ಇದ್ರಲ್ಲಿ ಸೋಲೋದೆಲ್ಲಿದೆ, ಸೋಲಿಲ್ದೆ ಆಟ ಹೇಗಾಗತ್ತೆ ಎಂದ ಮೇಲಧಿಕಾರಿಗೆ, ಸೋಲು ಅವರ ಹತ್ರ ಬೇಕಾದಷ್ಟಿದೆ ಸರ್, ನಾವು ಬೇರೆ ಒದಗಿಸ್ಬೇಕಾಗಿಲ್ಲ ಎಂದಿದ್ದಳು, ಎಲ್ಲಿಂದ ಬಂತೋ ಆ ಧೈರ್ಯ.

ಇವತ್ತು ಡ್ರೈವರ್ ಅಜ್ಜ ಮೊದಲು ಕೂತಲ್ಲೇ ಕೈ ಬೀಸಿ ಎರಡು ಟವೆಲ್ ಹಾಕಿ ಗೆದ್ದೆ ಎಂದರು, ಕ್ಯಾಮೆರಾವೂ ನಂಬಿಬಿಟ್ಟಿತು, ಕೂತು ಗಾಡಿ ಓಡಿಸಿದ್ದು ಸಾಕು ಎದ್ದೇಳಿ ಎಂದು ಡಾಕ್ಟರಮ್ಮ ಗದರಿಸಿದ ಮೇಲೆ ಎದ್ದು ಮೂರು ಅಂಗಿ ಹಾಕಿದರು, ಇನ್ನೊಂದು ಸಲ ನಂದೇ ಎಂದು ಜಗಳಕ್ಕೂ ನಿಂತರು — ಇನ್ನೊಂದು ಸಲ! ಅವಳು ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಆಗ ಮೂಲೆಯಿಂದ ಅಮ್ಮನ ದನಿ, ಅಯ್ಯೋ ಅಂಗೀನ ಹೆಗಲು ಹಿಡಿದು ಹಾಕ್ತಾರೇನೇ, ಹೆಗಲ ಮೇಲೆ ಕ್ಲಿಪ್ಪಿನ ಕೊಂಬು ಮೂಡಲ್ವಾ, ಅಂಗೀನ ತಲೆಕೆಳಗೆ ಹಾಕ್ಬೇಕು, ನಿಮ್ಮ ಆಫೀಸಲ್ಲಿ ಒಬ್ರಾದ್ರೂ ಬಟ್ಟೆ ಒಣಹಾಕಿದ್ದೀರೇನೇ. ಇಲ್ಲ. ಒಬ್ಬರೂ ಇಲ್ಲ, ಎಲ್ಲರ ಮನೆಯಲ್ಲೂ ಯಂತ್ರವೇ ಒಣಗಿಸುತ್ತದೆ. ಸರಿ ಬಿಡು ನಾನೇ ತೋರಿಸ್ತೀನಿ ಎಂದು ಸಿಡುಕುತ್ತಾ ಅಮ್ಮ ಎದ್ದೇಬಿಟ್ಟಳು, ಕುರ್ಚಿ ಹಿಡಿದುಕೊಂಡೇ, ಬಲಗೈಯೊಂದರಲ್ಲೇ ಕರವಸ್ತ್ರ, ಟವೆಲ್, ಮಗುವಿನ ಅಂಗಿ, ಈಗ ಬೆಡ್‌ಶೀಟ್.

ಬೆಡ್‌ಶೀಟ್ ಪರದೆಯ ಮೇಲೆ ಕಾಯುತ್ತಿದೆ. ಅಮ್ಮ ತನ್ನ ಬಲಗೈ ನೋಡಿದಳು, ಎಡಗೈ ನೋಡಿದಳು, ಒಂದೇ ಕೈಲಿ ಇದೊಂದು ಆಗಲ್ಲ ಎಂದು ಯಾರಿಗೂ ಅಲ್ಲದೆ ಗೊಣಗಿದಳು, ಈಗ ಬಂದು ಕೂತುಬಿಡುತ್ತಾಳೆ, ಕೂತರೂ ಪರವಾಗಿಲ್ಲ ಅಮ್ಮ, ಎದ್ದೆಯಲ್ಲ, ಅಷ್ಟೇ ಸಾಕು — ಸಾಕೇ, ಸುಳ್ಳು, ಸಾಲದು — ಕುರ್ಚಿಯ ಮೇಲಿನ ಬೆರಳುಗಳು, ಕಿರುಬೆರಳು ಮೊದಲು, ಆಮೇಲೆ ಉಂಗುರದ ಬೆರಳು, ಕುರ್ಚಿಯ ಮೇಲೆ ಈಗ ಬೆವರಿನ ಗುರುತು ಮಾತ್ರ ಇದೆ, ಎರಡು ಕೈಗಳೂ ಮೇಲೆ, ಇನ್ನೂ ಮೇಲೆ, ಎಟುಕುತ್ತಿಲ್ಲ, ಕಣ್ಣು ಮಸುಕಾಗಿ ಚುಕ್ಕಿಗಳು ಕಲಸಿಹೋದವು, ಅವಳು ಲ್ಯಾಪ್‌ಟಾಪ್ ಬಿಟ್ಟು ನೆಲವನ್ನೇ ನೋಡಿದಳು, ಅಮ್ಮನ ಹಿಮ್ಮಡಿ, ಬಿರುಕು ಬಿಟ್ಟ ಅದೇ ಹಿಮ್ಮಡಿ, ನೆಲ ಬಿಟ್ಟಿದೆ, ಒಂದು ಬೆರಳಷ್ಟು, ಅಲ್ಲ, ಎರಡು, ಎರಡು ಬೆರಳಷ್ಟು, ಅದರ ಕೆಳಗೆ ಬೆಳಕು